ಲಾರಿ ಕ್ಯಾಬಿನ್ ಸೋರುತ್ತಿದೆ: ನೀರು ನಿಂತ ಜಾಗ ಬೇರೆ, ಒಳಗೆ ಬಂದ ಜಾಗ ಬೇರೆ

ಪ್ರಶ್ನೆ: ನನ್ನದು 2009ರ ಮಾಡೆಲ್ ಆರು ಚಕ್ರದ ಲಾರಿ. ಮುಂದಿನ ಕೌಲ್ (ಕ್ಯಾಬಿನ್ನಿನ ಮೂತಿಯ ಭಾಗ) ಕಂಪನಿಯದ್ದು, ಉಳಿದ ಕ್ಯಾಬಿನ್ ಬಾಡಿ ಬಿಲ್ಡರ್ ಕಟ್ಟಿದ್ದು. ಹಾಸನ–ಮಂಗಳೂರು ಓಡಿಸುತ್ತೇನೆ. ಮಳೆ ಬಂದರೆ ಕ್ಲೀನರ್ ಸೈಡಿನಲ್ಲಿ ಕಾಲ ಕೆಳಗೆ ನೀರು ನಿಲ್ಲುತ್ತದೆ. ಮುಂದಿನ ಗ್ಲಾಸಿನ ಸುತ್ತ ಎರಡು ಸಲ ಸಿಲಿಕಾನ್ ಹೊಡೆಸಿದೆ, ನಿಲ್ಲಲಿಲ್ಲ. ಮಳೆ ನಿಂತು ಗಂಟೆಯಾದರೂ ಎಲ್ಲಿಂದಲೋ ಹನಿಯುತ್ತಿರುತ್ತದೆ. ಈಗ ಫ್ಯೂಸ್ ಬಾಕ್ಸಿಗೂ ಪಸೆ ಹತ್ತಿದೆ, ವೈಪರ್ ತಾನಾಗಿಯೇ ಓಡುತ್ತದೆ. ಹೊಸ ಕ್ಯಾಬಿನ್ ಕಟ್ಟಿಸಬೇಕೇ, ರಿಪೇರಿ ಸಾಕೇ?

ಉತ್ತರ: ಕೊನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳಲು ಬರುವುದಿಲ್ಲ. ಒಳಗಿನ ರೆಕ್ಸಿನ್, ಮ್ಯಾಟು ಬಿಚ್ಚಿ ತುಕ್ಕು ಎಲ್ಲಿಯವರೆಗೆ ಹೋಗಿದೆ ಎಂದು ನೋಡಿದ ಮೇಲೆ ಅದು ತಾನಾಗಿ ತೀರ್ಮಾನವಾಗುತ್ತದೆ. ಆದರೆ ಒಂದು ಮಾತು ಈಗಲೇ ಹೇಳಬಹುದು: ಇನ್ನು ಮುಂದೆ ಸೋರುವ ಜಾಗ ಕಣ್ಣಾರೆ ಕಾಣುವ ತನಕ ಒಂದು ಟ್ಯೂಬ್ ಸಿಲಿಕಾನನ್ನೂ ಹೊಡೆಸಬೇಡಿ. ಊಹೆಯ ಮೇಲೆ ಮೆತ್ತಿದ ಸಿಲಿಕಾನ್ ನೀರನ್ನು ತಡೆಯುವುದಿಲ್ಲ. ಒಳಗೆ ಬಂದ ನೀರು ಹೊರಗೆ ಹೋಗುವ ದಾರಿಯನ್ನು ಮಾತ್ರ ಮುಚ್ಚುತ್ತದೆ.

ಕ್ಲೀನರ್ ಸೈಡಿನಲ್ಲಿ ನೀರು ನಿಂತಿದೆ ಎಂದ ಮಾತ್ರಕ್ಕೆ ಆ ಕಡೆಯಿಂದಲೇ ಸೋರುತ್ತಿದೆ ಎಂದಲ್ಲ. ನಮ್ಮ ರಸ್ತೆಗಳು ನಡುವೆ ಎತ್ತರ, ಅಂಚಿಗೆ ತಗ್ಗು. ನಾವು ಎಡಗಡೆ ಓಡಿಸುತ್ತೇವೆ, ಎಡ ಅಂಚಿಗೆ ಇಳಿಸಿ ನಿಲ್ಲಿಸುತ್ತೇವೆ. ಹಾಗಾಗಿ ಲಾರಿ ಹೆಚ್ಚು ಹೊತ್ತು ಎಡಕ್ಕೆ ವಾಲಿಕೊಂಡೇ ಇರುತ್ತದೆ. ಡ್ರೈವರ್ ತಲೆಯ ಮೇಲೆ ಒಳಹೊಕ್ಕ ನೀರೂ ಕ್ಲೀನರ್ ಕಾಲ ಬುಡಕ್ಕೇ ಬಂದು ಸೇರುತ್ತದೆ. ಮುಂದು–ಹಿಂದಿನ ಲೆಕ್ಕವೂ ಇದೇ. ಶಿರಾಡಿ ಇಳಿಯುವಾಗ ನೆಲದ ನೀರು ಮುಂದಕ್ಕೆ ಹರಿಯುತ್ತದೆ, ಹತ್ತುವಾಗ ಸೀಟಿನ ಹಿಂದಕ್ಕೆ. ಪರೀಕ್ಷೆ ಮಾಡುವ ದಿನ ಗಾಡಿಯನ್ನು ಸಮತಟ್ಟಾದ ಜಾಗದಲ್ಲೇ ನಿಲ್ಲಿಸಬೇಕೆನ್ನುವುದು ಇದಕ್ಕೆ.

ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಸುಳಿವು ಇನ್ನೊಂದಿದೆ: ಮಳೆ ನಿಂತ ಮೇಲೂ ಹನಿಯುತ್ತದೆ ಎಂದಿದ್ದೀರಿ. ಗ್ಲಾಸಿನ ರಬ್ಬರಿನಲ್ಲಿ ಸಂದು ಇದ್ದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಹನಿಯೂ ನಿಲ್ಲುತ್ತದೆ, ಅಲ್ಲಿ ನೀರು ಶೇಖರವಾಗಲು ಹೆಚ್ಚು ಜಾಗವಿಲ್ಲ. ಗಂಟೆಗಟ್ಟಲೆ ತೊಟ್ಟಿಕ್ಕಬೇಕಾದರೆ ನೀರು ಎಲ್ಲೋ ತುಂಬಿಕೊಂಡಿರಬೇಕು. ಕಟ್ಟಿಸಿದ ಕ್ಯಾಬಿನ್ನಿನಲ್ಲಿ ಅಂಥ ಜಾಗ ಸಾಮಾನ್ಯವಾಗಿ ಒಂದೇ, ಮೇಲಿನ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವಿನ ಪೊಳ್ಳು. ಮೊದಲ ಅನುಮಾನ ಛಾವಣಿಯ ಮೇಲಿರಲಿ, ಗ್ಲಾಸಿನ ಮೇಲಲ್ಲ.

ನೀರು ಹಾಯಿಸುವ ಮೊದಲು

ಫ್ಯೂಸ್ ಬಾಕ್ಸಿಗೆ ಪಸೆ ಹತ್ತಿರುವುದರಿಂದ ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚುವುದು. 24 ವೋಲ್ಟ್ ಇರುವಾಗ ಟರ್ಮಿನಲ್ ಒದ್ದೆಯಾದರೆ ತಾಮ್ರ ಹಸಿರು ಕಟ್ಟಿ ತಿಂದುಹೋಗಲು ಹೆಚ್ಚು ದಿನ ಬೇಕಿಲ್ಲ. ವೈಪರ್ ತಾನಾಗಿ ಓಡುವುದೂ ಬಹುಶಃ ಸ್ವಿಚ್ಚಿನ ಕನೆಕ್ಟರಿನೊಳಗೆ ನೀರು ಎರಡು ಪಿನ್ನುಗಳನ್ನು ಸೇರಿಸುತ್ತಿರುವುದರಿಂದಲೇ. ಸೋರಿಕೆ ನಿಲ್ಲುವ ಮೊದಲು ಸ್ವಿಚ್ಚು, ಮೋಟರು ಬದಲಿಸಿ ದುಡ್ಡು ಕಳೆಯಬೇಡಿ.

ನೆಲದ ದ್ರವ ಮಳೆನೀರೇ ಹೌದೇ ಎಂದು ಬೆರಳಿಗೆ ಹಚ್ಚಿ ನೋಡಿ. ಕೂಲಂಟ್ ಆದರೆ ಬಣ್ಣ, ಅಂಟು, ಸಿಹಿ ವಾಸನೆ ಇರುತ್ತದೆ. ಕ್ಲಚ್ ಮಾಸ್ಟರ್ ಸಿಲಿಂಡರಿನಿಂದ ಜಿನುಗುವ ಫ್ಲೂಯಿಡ್ ಆದರೆ ಜಾರುತ್ತದೆ, ಅದು ಬಿದ್ದ ಕಡೆ ಪೇಂಟ್ ಉಬ್ಬಿ ಎದ್ದಿರುತ್ತದೆ. ಆಮೇಲೆ ಹಾಕಿಸಿದ ಎಸಿ ಇದ್ದರೆ ಅದರ ಡ್ರೇನ್ ಪೈಪ್ ಕಟ್ಟಿಕೊಂಡರೂ ಕ್ಲೀನರ್ ಸೈಡಿನಲ್ಲಿ ನೀರು ಕಾಣಿಸಿಕೊಳ್ಳಬಹುದು, ಅದು ಬಿಸಿಲಿನ ದಿನವೂ ಬರುತ್ತದೆ.

ಇಷ್ಟಾದ ಮೇಲೆ ಒಳಗಿನದನ್ನೆಲ್ಲ ಬಿಚ್ಚಿ. ಮ್ಯಾಟು, ಅದರಡಿಯ ಫೆಲ್ಟು ಅಥವಾ ಗೋಣಿಚೀಲ, ಬಾಗಿಲಿನ ರೆಕ್ಸಿನ್ ಪ್ಯಾನೆಲ್, ಛಾವಣಿಯ ಒಳಪದರ, ಸೀಟಿನ ಹಿಂದಿನ ಹಲಗೆ ಎಲ್ಲವನ್ನೂ ತೆಗೆಯಬೇಕು. ಅರ್ಧ ಬಿಚ್ಚಿ ಪರೀಕ್ಷೆ ಮಾಡಿದರೆ ಅರ್ಧ ಉತ್ತರವೇ ಸಿಗುವುದು. ಬಿಚ್ಚುವಾಗಲೇ ಬಹಳಷ್ಟು ವಿಷಯ ಗೊತ್ತಾಗುತ್ತದೆ. ಪ್ಲೈವುಡ್ ಕಪ್ಪಾಗಿ ಪದರ ಎದ್ದಿರುವ ಜಾಗ, ಕಂಬದ ಮೇಲೆ ಕಂದು ಬಣ್ಣದ ಗೆರೆ, ರಿವೆಟ್ಟಿನ ಸುತ್ತ ತುಕ್ಕಿನ ಉಂಗುರ, ಬೂಸ್ಟು ಹಿಡಿದ ಮೂಲೆ, ಇವೆಲ್ಲ ನೀರು ನಡೆದ ಹಾದಿ. ಕೆಳಗಿನಿಂದ ಮೇಲಕ್ಕೆ ಆ ಗೆರೆಯನ್ನು ಹಿಡಿದು ಹೋಗಿ, ಅದು ಎಲ್ಲಿ ಶುರುವಾಗಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಳಗೆಲ್ಲ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಒಂದು ದಿನ ಬಿಸಿಲಿನಲ್ಲಿ ಒಣಗಿಸಿ. ಹಳೆಯ ಪಸೆ ಉಳಿದಿದ್ದರೆ ಹೊಸ ಹನಿ ಯಾವುದು ಎಂದು ತಿಳಿಯುವುದಿಲ್ಲ.

ಪರೀಕ್ಷೆ ಕೆಳಗಿನಿಂದ ಮೇಲಕ್ಕೆ

ವಾಟರ್ ಸರ್ವಿಸಿನ ಪ್ರೆಶರ್ ಗನ್ ಇದಕ್ಕೆ ಬೇಡವೇ ಬೇಡ. ಅಷ್ಟು ಒತ್ತಡಕ್ಕೆ ಸರಿಯಿರುವ ರಬ್ಬರ್ ಬೀಡಿಂಗೂ ನೀರು ಬಿಡುತ್ತದೆ, ಇಲ್ಲದ ಸೋರಿಕೆ ತೋರುತ್ತದೆ. ತೋಟಕ್ಕೆ ನೀರು ಬಿಡುವ ಸಾದಾ ಪೈಪು ಸಾಕು, ತುದಿಗೆ ನಾಝಲ್ ಬೇಡ. 15 ಲೀಟರಿನ ಬಕೆಟ್ ತುಂಬಲು ಎರಡು ನಿಮಿಷ ಹಿಡಿಯುವಷ್ಟು ಹರಿವು ಇಟ್ಟುಕೊಳ್ಳಿ. ಒಬ್ಬರು ಹೊರಗೆ ಪೈಪು ಹಿಡಿಯಬೇಕು, ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡು ಒಳಗೆ ಟಾರ್ಚಿನೊಂದಿಗೆ ಕೂರಬೇಕು. ಒಳಗಿನ ಸಂದುಗಳ ಉದ್ದಕ್ಕೂ ಮುಖಕ್ಕೆ ಹಾಕುವ ಪೌಡರನ್ನು ತೆಳುವಾಗಿ ಉದುರಿಸಿ, ನೆಲಕ್ಕೆ ಹಳೆಯ ಪೇಪರ್ ಹಾಸಿ. ಪೌಡರ್ ಮೇಲೆ ಒಂದು ಹನಿ ಹರಿದರೂ ಗೆರೆ ಬೀಳುತ್ತದೆ.

ಕೆಳಗಿನಿಂದ ಶುರುಮಾಡಿ ಎನ್ನುವುದಕ್ಕೆ ಕಾರಣವಿದೆ. ಮೊದಲೇ ಛಾವಣಿಗೆ ನೀರು ಬಿಟ್ಟರೆ ಅದು ಗ್ಲಾಸು, ಬಾಗಿಲು, ಕೌಲ್ ಎಲ್ಲದರ ಮೇಲೂ ಹರಿದು ಇಳಿಯುತ್ತದೆ, ಯಾವುದು ಒಳಗೆ ಬಿಟ್ಟಿತು ಎಂದು ಹೇಳಲಾಗದು. ಆದ್ದರಿಂದ ಮೊದಲು ಮಡ್‌ಗಾರ್ಡಿನ ಒಳಗಿನಿಂದ ನೆಲದ ತಳಕ್ಕೆ, ಆಮೇಲೆ ಬಾಗಿಲಿನ ಕೆಳ ಅಂಚು, ಬಾಗಿಲಿನ ಗ್ಲಾಸು, ಕೌಲಿನ ಕೆಳಭಾಗ, ಮುಂದಿನ ಗ್ಲಾಸಿನ ಕೆಳ ಅಂಚು, ಎರಡು ಪಕ್ಕ, ಮೇಲಂಚು, ಕೊನೆಗೆ ಛಾವಣಿ. ಒಂದೊಂದು ಜಾಗಕ್ಕೂ 5ರಿಂದ 10 ನಿಮಿಷ. ಛಾವಣಿಗೆ ಮಾತ್ರ ಅರ್ಧ ಗಂಟೆ ಕೊಡಿ, ಪೊಳ್ಳಿನಲ್ಲಿ ನೀರು ತುಂಬಿ ಇಳಿಯಲು ಹೊತ್ತು ಬೇಕು. ಒಂದು ಸೋರಿಕೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಇಷ್ಟು ವರ್ಷದ ಕ್ಯಾಬಿನ್ನಿನಲ್ಲಿ ಎರಡು ಮೂರು ಕಡೆ ಇರುವುದು ಸಾಮಾನ್ಯ. ಸಿಕ್ಕಿದ್ದಕ್ಕೆ ಅಂಟುಪಟ್ಟಿ ಹಚ್ಚಿ ಮುಚ್ಚಿ ಮುಂದೆ ಹೋಗಿ.

ನೀರು ಬರುತ್ತಿದೆ, ಆದರೆ ಛಾವಣಿಯ ಯಾವ ತೂತಿನಿಂದ ಎಂದು ತಿಳಿಯುತ್ತಿಲ್ಲವೇ? ಒಂದು ಮಗ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿ, ಅನುಮಾನವಿರುವ ಬೋಲ್ಟಿನ ಸುತ್ತ ಮಾತ್ರ ನಿಧಾನವಾಗಿ ಸುರಿಯಿರಿ. ಒಳಗೆ ನೀಲಿ ಇಳಿದರೆ ಆ ಬೋಲ್ಟೇ ಕಳ್ಳ.

ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವುದುಂಟು. ಕಿಟಕಿ ಸ್ವಲ್ಪ ಇಳಿಸಿಕೊಂಡು ವೇಗವಾಗಿ ಹೋಗುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ ಸಣ್ಣ ಸಂದೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಥದ್ದಕ್ಕೆ ಸೋಪುನೀರಿನ ಪರೀಕ್ಷೆ ಒಳ್ಳೆಯದು. ಕಿಟಕಿಗೆ ರಟ್ಟು ಕಟ್ಟಿ, ಅದರ ತೂತಿನಲ್ಲಿ ಧೂಳು ಹೊಡೆಯುವ ಬ್ಲೋಯರ್ ಸಿಕ್ಕಿಸಿ ಒಳಗೆ ಗಾಳಿ ತುಂಬಿಸಿ, ಹೊರಗಿನಿಂದ ಸಂದುಗಳಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನೀರನ್ನು ಬ್ರಷ್ಷಿನಿಂದ ಬಳಿಯಿರಿ. ಸಂದು ಇರುವಲ್ಲಿ ಗುಳ್ಳೆ ಏಳುತ್ತದೆ. ಬ್ಲೋಯರ್ ಇಲ್ಲದಿದ್ದರೆ ರಾತ್ರಿ ಒಳಗಿನಿಂದ ಬಾಗಿಲಿನ ಅಂಚಿನುದ್ದಕ್ಕೂ ಜೋರು ಟಾರ್ಚ್ ಹಿಡಿದು ಹೊರಗೆ ನಿಂತವರು ಬೆಳಕು ಎಲ್ಲಿ ಇಣುಕುತ್ತದೆ ಎಂದು ನೋಡಲಿ.

ಛಾವಣಿ

ಛಾವಣಿಯ ಮೇಲೆ ಹತ್ತಿ ತೂತುಗಳನ್ನು ಎಣಿಸಿ. ಕ್ಯಾರಿಯರಿನ ಕಾಲುಗಳು, ಮುಂದಿನ ಹೆಸರಿನ ಬೋರ್ಡು, ಸೈಡ್ ಲೈಟುಗಳು, ಏರ್ ಹಾರ್ನ್, ಗ್ಲಾಸಿನ ಮೇಲಿನ ವೈಸರ್, ಹಿಂದೆಂದೋ ಇದ್ದು ತೆಗೆದ ಆಂಟೆನಾ, ಒಂದೊಂದಕ್ಕೂ ಎರಡು ಮೂರು ತೂತು. ಇದರಲ್ಲಿ ಕ್ಯಾರಿಯರಿನ ಬೋಲ್ಟುಗಳೇ ಹೆಚ್ಚು ತೊಂದರೆ ಕೊಡುವುದು. ಮೇಲೆ ಹಗ್ಗ, ಟಾರ್ಪಾಲು ಹೇರಿದ ಭಾರ ಪ್ರತಿ ಹಳ್ಳಕ್ಕೂ ಬೋಲ್ಟನ್ನು ಅಲುಗಿಸಿ ತೂತನ್ನು ಉದ್ದವಾಗಿಸುತ್ತದೆ, ತಗಡು ತಗ್ಗಾಗಿ ಅದೇ ಜಾಗದಲ್ಲಿ ನೀರು ನಿಲ್ಲುತ್ತದೆ.

ಬೋಲ್ಟಿನ ತಲೆಯ ಸುತ್ತ ಮೇಲಿನಿಂದ ಮೆತ್ತಿದ್ದು ನಿಲ್ಲುವುದಿಲ್ಲ. ಬೋಲ್ಟ್ ಬಿಚ್ಚಲೇಬೇಕು. ತೂತಿನ ಸುತ್ತ 25 ಮಿ.ಮೀ. ಅಗಲಕ್ಕೆ ಹಳೆಯ ಪುಟ್ಟಿ (ತಗ್ಗು ತುಂಬಲು ಮೆತ್ತುವ ಪೇಸ್ಟ್), ಪೇಂಟ್, ತುಕ್ಕು ಎಲ್ಲ ಹೆರೆದು ಹೊಳೆಯುವ ಲೋಹ ಕಾಣಿಸಿ. ಎಪಾಕ್ಸಿ ಪ್ರೈಮರ್ ಹಚ್ಚಿ ಒಣಗಲು ಬಿಡಿ. ಬರೀ ರೆಡ್ ಆಕ್ಸೈಡ್ ಹಚ್ಚಿ ಬಿಟ್ಟರೆ ಸಾಲದು. ಅದು ಪಸೆ ಹೀರುತ್ತದೆ, ಮೇಲೆ ಪೇಂಟ್ ಬೀಳದಿದ್ದರೆ ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಪ್ರೈಮರ್ ಒಣಗಿದ ಮೇಲೆ ಕ್ಯಾರಿಯರ್ ಕಾಲಿನ ಅಡಿಗೆ ಪೂರ್ತಿ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ ಕೂರಿಸಿ, ಒಳಗಿನಿಂದ 50×50×3 ಮಿ.ಮೀ. ಪ್ಲೇಟ್ ಇಟ್ಟು ನಟ್ ಹಾಕಿ. ಇಲ್ಲಿ ಬಹಳ ಜನ ತಪ್ಪುವುದು ಬಿಗಿಯುವುದರಲ್ಲಿ. ಹಸಿಯಿರುವಾಗಲೇ ಪೂರ್ತಿ ಬಿಗಿದರೆ ಸೀಲಂಟೆಲ್ಲ ಹೊರಗೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಕೈಬಿಗಿಗೆ ನಿಲ್ಲಿಸಿ, ನಡುವೆ 1ರಿಂದ 2 ಮಿ.ಮೀ. ಪದರ ಉಳಿಯುವಂತೆ ಒಂದು ದಿನ ಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡಿ. ಆಗ ಅದು ಅಲ್ಲೇ ಅಚ್ಚುಹಾಕಿದ ವಾಷರಿನ ಹಾಗೆ ಕೆಲಸ ಮಾಡುತ್ತದೆ.

ಬೇಡವಾದ ತೂತುಗಳಿಗೆ ಎಂ-ಸೀಲ್ ತುಂಬುವುದು ರೂಢಿ. ಅದು ಗಟ್ಟಿ, ತಗಡು ಅದರುತ್ತದೆ. ಒಂದು ಮಳೆಗಾಲದೊಳಗೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ನೀರಿಗೆ ಅಷ್ಟೇ ಜಾಗ ಬೇಕಾದ್ದು. 5 ಮಿ.ಮೀ.ವರೆಗಿನ ತೂತಿಗೆ ಮುಚ್ಚಿದ ತುದಿಯ ಪಾಪ್ ರಿವೆಟ್ಟನ್ನು ಸೀಲಂಟಿನಲ್ಲಿ ಅದ್ದಿ ಹೊಡೆಯಿರಿ. ಸಾದಾ ಪಾಪ್ ರಿವೆಟ್ ನಡುವೆ ಟೊಳ್ಳು, ಮೊಳೆ ಮುರಿದ ತೂತಿನಿಂದಲೇ ನೀರು ಇಳಿಯುತ್ತದೆ. ನಿಮ್ಮ ಛಾವಣಿಯ ಜೋಡಣೆಯಲ್ಲಿ ಸಾದಾ ರಿವೆಟ್ಟುಗಳೇ ಇದ್ದರೆ ಒಂದೊಂದರ ತಲೆಯನ್ನೂ ಉಜ್ಜಿ ಪಿಯು ಹನಿಯಿಂದ ಮುಚ್ಚಬೇಕು. ದೊಡ್ಡ ತೂತಿಗೆ 20 ಗೇಜ್, ಅಂದರೆ 0.9 ಮಿ.ಮೀ. ತಗಡಿನ ತುಂಡನ್ನು ಪಿಯು ಹಾಕಿ ರಿವೆಟ್ ಮಾಡಿದರೆ ಸಾಕು. ಛಾವಣಿಯ ಮೇಲೆ ಗ್ಯಾಸ್ ವೆಲ್ಡಿಂಗ್ ಮಾಡಿಸಿದರೆ ತೆಳು ತಗಡು ಸುಕ್ಕಾಗಿ ಹೊಸ ತಗ್ಗು ಹುಟ್ಟುತ್ತದೆ. ಮಾಡಿಸಲೇಬೇಕಾದರೆ ಒಳಗೆ ಪ್ಲೈವುಡ್, ಫೋಮ್, ರೆಕ್ಸಿನ್ ಒಂದೂ ಇರಕೂಡದು, ಹತ್ತಿರದಲ್ಲಿ ನೀರಿನ ಬಕೆಟ್ ಇರಬೇಕು.

ತಗಡು ಕಂಬಿಗಳ ನಡುವೆ ಜೋತುಬಿದ್ದಿದ್ದರೆ ಒಳಗಿನಿಂದ ಒಂದು ಅಡ್ಡಪಟ್ಟಿ ಕೊಟ್ಟು ಮೇಲೆತ್ತಿಸಿ. ನೀರು ನಿಲ್ಲುವ ಛಾವಣಿಗೆ ಎಷ್ಟು ಸೀಲಂಟ್ ಹಾಕಿದರೂ ಬಾಳಿಕೆ ಕಡಿಮೆ.

ಕೌಲ್ ಮತ್ತು ಕ್ಯಾಬಿನ್ ಸೇರುವ ಗೆರೆ

ಕಂಪನಿಯ ಕೌಲ್ ಅಚ್ಚಿನಲ್ಲಿ ಒತ್ತಿದ ಉಕ್ಕು. ಹಿಂದಿನದು ಆಂಗಲ್ ಮತ್ತು ಮರದ ಚೌಕಟ್ಟಿನ ಮೇಲೆ ತಗಡು. ಗುಂಡಿ ರಸ್ತೆಯಲ್ಲಿ ಚಾಸಿ ತಿರುಚಿದಾಗ ಎರಡೂ ಒಂದೇ ರೀತಿ ಅಲುಗುವುದಿಲ್ಲ, ಆ ವ್ಯತ್ಯಾಸವನ್ನೆಲ್ಲ ಈ ಗೆರೆ ತಡೆದುಕೊಳ್ಳಬೇಕು. ಅಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರೆ ಬಿರುಕು ಖಂಡಿತ. ಪೇಂಟಿನ ಮೇಲೆ ಕೂದಲಿನಂಥ ಗೆರೆ, ಅದರ ಕೆಳತುದಿಯಲ್ಲಿ ಕಂದು ಕಲೆ ಕಂಡರೆ ಅಲ್ಲಿ ನೀರು ಹೋಗಿ ಬರುತ್ತಿದೆ.

ಬಿರುಕಿನಷ್ಟಕ್ಕೆ ಮಾತ್ರ ತೇಪೆ ಹಾಕಬೇಡಿ. ಗೆರೆಯ ಪೂರ್ತಿ ಉದ್ದಕ್ಕೆ, ಎರಡೂ ಬದಿ 20 ಮಿ.ಮೀ. ಬರುವಂತೆ ಪುಟ್ಟಿಯನ್ನು ಕೆರೆದು ತೆಗೆಸಿ, ಪ್ರೈಮರ್ ಹಾಕಿಸಿ. ಸಂದು 6 ಮಿ.ಮೀ.ಗಿಂತ ಅಗಲವಿದ್ದರೆ ಒಳಗೆ ಫೋಮ್ ಹಗ್ಗ ತುರುಕಿ, ಮೇಲೆ 5ರಿಂದ 6 ಮಿ.ಮೀ. ದಪ್ಪಕ್ಕೆ ಪಿಯು ಎಳೆಯಿರಿ. 300 ಮಿ.ಲೀ.ನ ಒಂದು ಟ್ಯೂಬಿನಲ್ಲಿ 5 ಮಿ.ಮೀ. ದಪ್ಪದ ಎಳೆ ಸುಮಾರು 15 ಮೀಟರ್ ಬರುತ್ತದೆ. ಛಾವಣಿ, ಈ ಗೆರೆ ಎಲ್ಲಕ್ಕೂ ಸೇರಿಸಿ ಮೂರು ಟ್ಯೂಬ್ ತಂದಿಟ್ಟುಕೊಳ್ಳಿ, ಅವಧಿ ಮುಗಿದಿಲ್ಲವೆಂದು ನೋಡಿ ತನ್ನಿ. ಪಿಯು ಗಾಳಿಯ ತೇವವನ್ನು ಹೀರಿಕೊಂಡೇ ಗಟ್ಟಿಯಾಗುವುದು, ದಿನಕ್ಕೆ ಹೆಚ್ಚುಕಡಿಮೆ 3 ಮಿ.ಮೀ. ಆಳಕ್ಕೆ. ಹಾಗೆಂದು ಒದ್ದೆ ಲೋಹಕ್ಕೆ ಹಾಕಿದರೆ ಹಿಡಿಯುವುದಿಲ್ಲ, ಮೇಲ್ಮೈ ಒಣಗಿರಲೇಬೇಕು. ಈ ಕೆಲಸ ಮೇ ಮೊದಲ ವಾರಗಳಲ್ಲಿ ಮುಗಿಸಿದರೆ ಒಳ್ಳೆಯದು. ಬಿಸಿಲಿಗೆ ಬಿಟ್ಟ ಪಿಯು ಮೇಲ್ಪದರ ಪುಡಿಯಾಗುತ್ತದೆ, ಆದ್ದರಿಂದ ಅದರ ಮೇಲೆ ಪೇಂಟ್ ಬೀಳಲಿ.

ಈ ಗೆರೆ ಮತ್ತೆ ಮತ್ತೆ ಬಿಡುತ್ತಿದ್ದರೆ ತಪ್ಪು ಸೀಲಂಟಿನದ್ದಲ್ಲ. ಕ್ಯಾಬಿನ್ ಮೌಂಟಿಂಗಿನ ರಬ್ಬರ್ ಬುಷ್ ಸವೆದಿರುತ್ತದೆ, ಇಲ್ಲವೇ ಬೋಲ್ಟ್ ಸಡಿಲವಾಗಿರುತ್ತದೆ. ಸೀಲ್ ಮಾಡಿಸುವ ಮೊದಲೇ ಮೌಂಟಿಂಗ್ ಸರಿಮಾಡಿಸಿ.

ಮುಂದಿನ ಗ್ಲಾಸು

ನೀವು ಹೊಡೆಸಿದ ಸಿಲಿಕಾನಿಗೆ ಹುಳಿ ವಿನೆಗರ್ ವಾಸನೆ ಇತ್ತೇ ನೆನಪಿಸಿಕೊಳ್ಳಿ. ಬಾತ್‌ರೂಮಿಗೆ ಬಳಸುವ ಆ ಜಾತಿ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಪೇಂಟ್ ಹೋದ ಉಕ್ಕಿನ ಮೇಲೆ ಬಿದ್ದರೆ ತುಕ್ಕಿಗೆ ದಾರಿ. ಇನ್ನೊಂದು ತೊಂದರೆ, ಹಳೆಯ ಸಿಲಿಕಾನಿನ ಮೇಲೆ ಯಾವುದೂ ಅಂಟುವುದಿಲ್ಲ: ಪೇಂಟೂ ಇಲ್ಲ, ಪಿಯು ಕೂಡ ಇಲ್ಲ, ಹೊಸ ಸಿಲಿಕಾನೂ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಎರಡನೆಯ ಪ್ರಯತ್ನ ನಿಲ್ಲದಿರಲು ಇದೂ ಒಂದು ಕಾರಣವಿರಬಹುದು. ಥಿನ್ನರ್ ಹಾಕಿದರೆ ಅದು ಕರಗುವುದಿಲ್ಲ, ಪೇಂಟ್ ಹಾಳಾಗುತ್ತದೆ ಅಷ್ಟೆ. ಬ್ಲೇಡಿನಿಂದ ಕತ್ತರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ.

ಈಗ ರಬ್ಬರನ್ನು ನೋಡಿ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಎದ್ದರೆ ಜೀವ ಇದೆ. ತುಟಿಯನ್ನು ಎತ್ತಿ ಮಡಚಿದಾಗ ಬಿರುಕು ಬಿಟ್ಟರೆ, ಮೂಲೆಗಳಲ್ಲಿ ಕುಗ್ಗಿ ಗ್ಲಾಸಿನಿಂದ ದೂರ ಸರಿದಿದ್ದರೆ ಬದಲಿಸಬೇಕು. ಜೀವ ಇರುವ ರಬ್ಬರಿಗೆ ಗ್ಲಾಸ್ ಅಂಗಡಿಯಲ್ಲಿ ಸಿಗುವ, ಗಟ್ಟಿಯಾಗದೆ ಮೆತ್ತಗೇ ಇರುವ ಕಪ್ಪು ಪೇಸ್ಟ್ ಸಾಕು. ಮರದ ಚಪ್ಪಟೆ ಕಡ್ಡಿಯಿಂದ ತುಟಿ ಎತ್ತಿ, ಎರಡೂ ಸಂದಿಗೆ ಹಾಕಿ: ಗ್ಲಾಸು ಮತ್ತು ರಬ್ಬರಿನ ನಡುವೆ ಒಂದು ಸಲ, ರಬ್ಬರು ಮತ್ತು ತಗಡಿನ ನಡುವೆ ಇನ್ನೊಂದು ಸಲ. ಎರಡನೆಯದನ್ನು ಮರೆಯುವವರೇ ಹೆಚ್ಚು, ನೀರು ಬರುವುದೂ ಹೆಚ್ಚಾಗಿ ಅಲ್ಲಿಂದಲೇ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ, ಲ್ಯಾಮಿನೇಟೆಡ್ ಗ್ಲಾಸಿನ ಅಂಚಿಗೆ ತಾಗಿದರೆ ಬಿರುಕು ಓಡುತ್ತದೆ.

ರಬ್ಬರ್ ಬದಲಿಸುವುದಾದರೆ ಹಳೆಯದರ 100 ಮಿ.ಮೀ. ತುಂಡು ಕೊಯ್ದು ಅಂಗಡಿಗೆ ಒಯ್ಯಿರಿ. ರಬ್ಬರಿನಲ್ಲಿ ಗ್ಲಾಸಿನ ಕಡೆಯ ತೋಡು, ತಗಡಿನ ಕಡೆಯ ತೋಡು ಎರಡರ ಅಗಲವೂ ಹೊಂದಬೇಕು. ಗ್ಲಾಸು ತೆಗೆದಾಗ ಕೆಳಗಿನ ಎರಡು ಮೂಲೆಗಳಲ್ಲಿ ಚೌಕಟ್ಟಿನ ಅಂಚು ತುಕ್ಕು ಹಿಡಿದಿರುವುದು ಬಹುತೇಕ ಖಚಿತ. ಟಿಂಕರಿಂಗಿನವರು ಅದರ ಮೇಲೆ ಇನ್ನೊಂದು ತಗಡು ಹೊದಿಸಿ ವೆಲ್ಡ್ ಮಾಡಲು ಹೊರಡುತ್ತಾರೆ. ಬೇಡವೆನ್ನಿ. ಅಂಚು ಎರಡು ಪಟ್ಟು ದಪ್ಪವಾದರೆ ರಬ್ಬರ್ ಅದರ ಮೇಲೆ ಪೂರ್ತಿ ಕೂರುವುದಿಲ್ಲ, ಹೊಸ ರಬ್ಬರೂ ಅಲ್ಲೇ ಸೋರುತ್ತದೆ. ಕೊಳೆತ ತುಂಡು ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿ ಮಟ್ಟಸವಾಗಿ ಗ್ರೈಂಡ್ ಮಾಡಬೇಕು. ಎಪಾಕ್ಸಿ ಪ್ರೈಮರ್, ಎರಡು ಕೋಟ್ ಪೇಂಟ್, ಆಮೇಲೆ ಎರಡು ಮೂರು ದಿನ ಒಣಗಲು ಬಿಡಿ.

ಮೀಟರ್ ಲೆಕ್ಕದಲ್ಲಿ ಕೊಂಡ ರಬ್ಬರಾದರೆ ಮೀಟರಿಗೆ 10 ಮಿ.ಮೀ. ಹೆಚ್ಚು ಉದ್ದ ಇಟ್ಟು ಕತ್ತರಿಸಿ, ಒತ್ತಿ ಕೂರಿಸಿ. ಎಳೆದು ಕೂರಿಸಿದ್ದು ಮುಂದೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಜೋಡಣೆ ಮೂಲೆಯಲ್ಲಿ ಬರಬಾರದು. ಗ್ಲಾಸಿಗೆ ರಬ್ಬರ್ ತೊಡಿಸಿ, ತಗಡಿನ ಕಡೆಯ ತೋಡಿನೊಳಗೆ 5 ಮಿ.ಮೀ. ನೈಲಾನ್ ಹಗ್ಗ ಸುತ್ತಲೂ ಕೂರಿಸಿ ತುದಿಗಳನ್ನು ಒಳಗೆ ಬಿಡಿ. ಸೋಪುನೀರು ಹಚ್ಚಿ ಇಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಲಿ, ಒಬ್ಬರು ಒಳಗಿನಿಂದ ಹಗ್ಗ ಎಳೆಯಲಿ. ಹಗ್ಗ ಬಂದಂತೆ ತುಟಿ ಅಂಚನ್ನು ದಾಟಿ ಒಳಗೆ ಬೀಳುತ್ತದೆ. ಮಧ್ಯದಿಂದ ಮೂಲೆಯತ್ತ ಹೋಗಿ, ಮೂಲೆಗೆ ಗುದ್ದಬೇಡಿ. ಲಾಕ್ ಪಟ್ಟಿ ಇರುವ ರಬ್ಬರಾದರೆ ಅದನ್ನು ಕೊನೆಗೆ ಹಾಕಿ, ಪಟ್ಟಿ ಹಾಕಿಸದೆ ಬಿಟ್ಟರೆ ತುಟಿ ಗ್ಲಾಸನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಗ್ಲಾಸಿನ ಕೆಳಗಿರುವ ವೈಪರ್ ಸ್ಪಿಂಡಲಿನ ರಬ್ಬರ್ ವಾಷರನ್ನೂ ಇದೇ ಹೊತ್ತಿಗೆ ಬದಲಿಸಿಬಿಡಿ. ಅಲ್ಲಿಂದ ಇಳಿಯುವ ನೀರು ಡ್ಯಾಶ್‌ಬೋರ್ಡಿನ ಹಿಂದೆ ನೇರವಾಗಿ ವೈರಿಂಗಿನ ಮೇಲೆ ಬೀಳುತ್ತದೆ. ನಿಮ್ಮ ಫ್ಯೂಸ್ ಬಾಕ್ಸಿನ ಪಸೆಗೆ ಇದೊಂದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಬಾಗಿಲು ಮತ್ತು ನೆಲ

ಬಾಗಿಲಿನೊಳಗೆ ನೀರು ಹೋಗುವುದು ದೋಷವಲ್ಲ. ಗ್ಲಾಸಿನ ಹೊರಬೀಡಿಂಗ್ ದಾಟಿ ಸ್ವಲ್ಪ ನೀರು ಒಳಗಿಳಿದು, ಬಾಗಿಲಿನ ತಳದ ತೂತುಗಳಿಂದ ಹೊರಬೀಳಬೇಕು, ವ್ಯವಸ್ಥೆಯೇ ಹಾಗಿದೆ. ಆ ತೂತು ಮಣ್ಣು ತುಂಬಿ ಕಟ್ಟಿಕೊಂಡರೆ ನೀರು ಬಾಗಿಲಲ್ಲೇ ನಿಂತು ರೆಕ್ಸಿನ್ ಪ್ಯಾನೆಲಿನ ಅಡಿಯಿಂದ ಒಳಗೆ ಬರುತ್ತದೆ. ತಂತಿಯಿಂದ ಚುಚ್ಚಿ ಬಿಡಿಸಿ. ಪ್ಯಾನೆಲಿನ ಹಿಂದೆ ಪಾಲಿಥೀನ್ ಹಾಳೆ ಇರಬೇಕು. ಗ್ಲಾಸಿನ ಮೆಷೀನ್ ರಿಪೇರಿ ಮಾಡಿಸಿದಾಗ ಅದನ್ನು ಹರಿದು ಎಸೆದಿರುತ್ತಾರೆ. ದಪ್ಪ ಪಾಲಿಥೀನ್ ಕತ್ತರಿಸಿ ಅಂಚಿಗೆ ಬ್ಯೂಟೈಲ್ ಟೇಪ್ ಹಚ್ಚಿ ಅಂಟಿಸಿ, ಕೆಳ ಅಂಚು ಮಾತ್ರ ಬಾಗಿಲಿನ ಒಳಗಡೆಗೆ ಮಡಚಿರಬೇಕು, ಹಾಳೆಯ ಮೇಲೆ ಇಳಿದ ನೀರು ಮತ್ತೆ ಬಾಗಿಲೊಳಗೇ ಬೀಳಲಿ.

ಬಾಗಿಲ ಬೀಡಿಂಗ್ ಬದಲಿಸುವ ಮೊದಲು ಕೀಲು ನೋಡಿ. ಬಾಗಿಲು ಅರ್ಧ ತೆರೆದು ತುದಿಯನ್ನು ಮೇಲೆತ್ತಿದಾಗ ಆಡಿದರೆ ಕೀಲಿನ ಪಿನ್ ಸವೆದಿದೆ, ಹೊಸ ಬೀಡಿಂಗ್ ಹಾಕಿಯೂ ಮೇಲಿನ ಮೂಲೆಯಲ್ಲಿ ಸಂದು ಉಳಿಯುತ್ತದೆ. ಕೀಲು ಸರಿಯಾದ ಮೇಲೆ ಕಾಗದದ ಪಟ್ಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಸುಲಭವಾಗಿ ಜಾರುವ ಕಡೆ ಲಾಕಿನ ಸ್ಟ್ರೈಕರನ್ನು (ಲಾಕ್ ಸಿಕ್ಕಿಕೊಳ್ಳುವ, ಚೌಕಟ್ಟಿನ ಮೇಲಿನ ಕೊಂಡಿ) ಒಳಕ್ಕೆ ಸರಿಸಿ.

ನೆಲದಲ್ಲಿ ನೋಡಬೇಕಾದ್ದು ಪೆಡಲುಗಳ ತೂತು, ಗೇರ್ ರಾಡಿನ ಬೂಟು, ವೈರ್ ಹಾದುಬರುವ ರಬ್ಬರುಗಳು, ಹಳೆಯ ಸೀಟಿನ ಬೋಲ್ಟ್ ತೂತುಗಳು. ಮುಂದಿನ ಚಕ್ರ ಎರಚುವ ನೀರಿಗೆ ಇವು ಸಾಕು. ತುಕ್ಕು ತಿಂದ ಕಡೆ 18 ಗೇಜ್, 1.2 ಮಿ.ಮೀ. ತಗಡು ಹಾಕಿಸಿ, ಅಡಿಗೂ ಮೇಲಿಗೂ ಪ್ರೈಮರ್ ಬೀಳಲಿ. ನೀರು ಹೋಗಲು ಕಂಪನಿಯೇ ಬಿಟ್ಟಿರುವ ತೂತುಗಳನ್ನು ಮುಚ್ಚಬೇಡಿ. ಮ್ಯಾಟಿನಡಿಗೆ ಮತ್ತೆ ಗೋಣಿಚೀಲ ಹಾಸಬೇಡಿ, ಒಮ್ಮೆ ಒದ್ದೆಯಾದರೆ ವಾರವಾದರೂ ಆರುವುದಿಲ್ಲ, ನೆಲ ಅದರಡಿಯಲ್ಲೇ ಕೊಳೆಯುತ್ತದೆ.

ಫ್ಯೂಸ್ ಬಾಕ್ಸನ್ನು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಹಸಿರು ಕಟ್ಟಿದ ಟರ್ಮಿನಲ್ ಕತ್ತರಿಸಿ ಹೊಸದು ಹಾಕಿಸಿ. ಬಾಕ್ಸಿಗೆ ಬರುವ ವೈರುಗಳು ಮೇಲಿನಿಂದ ನೇರ ಇಳಿಯದೆ, ಒಂದು ಸಲ ಬಾಕ್ಸಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರಿ ಸೇರುವಂತೆ ಕಟ್ಟಿಸಿ. ವೈರಿನ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲೇ ಕೆಳಗೆ ಬಿದ್ದುಹೋಗುತ್ತದೆ.

ಇನ್ನು ಹೊಸ ಕ್ಯಾಬಿನ್ನಿನ ವಿಷಯ. ಎಲ್ಲ ಬಿಚ್ಚಿದ ದಿನವೇ ಒಂದು ಉದ್ದ ಸ್ಕ್ರೂ ಡ್ರೈವರ್ ತೆಗೆದುಕೊಂಡು ಮೂರು ಜಾಗ ಚುಚ್ಚಿ ನೋಡಿ: ಗ್ಲಾಸಿನ ಎರಡೂ ಪಕ್ಕದ ಕಂಬಗಳ ಬುಡ, ಬಾಗಿಲ ಕೀಲು ಕೂರುವ ಕಂಬ, ಕ್ಯಾಬಿನ್ ಮೌಂಟಿಂಗ್ ಕೂರುವ ನೆಲದ ಭಾಗ. ಛಾವಣಿ, ನೆಲ, ಹಿಂದಿನ ತಗಡು ಎಷ್ಟು ತೂತಾಗಿದ್ದರೂ ರಿಪೇರಿಯಾಗುತ್ತದೆ. ಆದರೆ ಈ ಮೂರರಲ್ಲಿ ಯಾವುದಾದರೂ ಒಂದು ಕಡೆ ಸ್ಕ್ರೂ ಡ್ರೈವರ್ ಒಳಗಿಳಿದರೆ, ಒಳಗಿನ ಮರ ಬೆರಳಿಗೆ ಪುಡಿಯಾದರೆ, ಮೇಲೆ ಹೇಳಿದ ಯಾವ ಕೆಲಸಕ್ಕೂ ದುಡ್ಡು ಹಾಕಬೇಡಿ. ಡಿಕ್ಕಿಯಾದಾಗ ಒಳಗಿದ್ದವರನ್ನು ಕಾಯುವುದು ಈ ಕಂಬಗಳೇ. ಆಗ ಕ್ಯಾಬಿನ್ ಬದಲಿಸಿ. ಹೊಸದನ್ನು ಕಟ್ಟುವಾಗ ಬಾಡಿ ಬಿಲ್ಡರಿಗೆ ಛಾವಣಿಯ ಒಳಪದರ ಹಾಕುವ ಮೊದಲೇ ಅರ್ಧ ಗಂಟೆ ನೀರು ಬಿಟ್ಟು ತೋರಿಸಲು ಹೇಳಿ, ಉಳಿದ ಹಣ ಆಮೇಲೆ ಕೊಡಿ.